ದಿಂಬಿನ ಸೊಂಟ, ಸೊಸೆಯ ನೆಲ

ಹಾಸಿಗೆ ಅಂಗಡಿಯವನ ಮನೇಲಿ ದಿಂಬು ಅಂತ ಒಂದು ನಾಯಿ ಇತ್ತಲ್ಲ, ಅದು ಪ್ರಾಯದಲ್ಲಿ ಹೇಗಿತ್ತು ಅಂತೀರಿ? ಒಂದ್ಸಲ ನೆಗೆದ್ರೆ ಬಸ್ಸನ್ನೇ ದಾಟಿ ಆ ಕಡೆ ಬೀಳೋದು. ಅಂಥ ನಾಯಿ ಆ ಬೀದೀಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟಲ್ಲ. ಸರಿ ಸರಿ, ಹಾಗೆ ನೋಡ್ಬೇಡಿ. ಅರ್ಧ ಸುಳ್ಳು. ಬಸ್ಸು ನಿಂತಿತ್ತು, ನಾಯಿ ದಾಟಿದ್ದು ಅದರ ಅಡಿಯಿಂದ. ಆದ್ರೆ ದಾಟಿದ್ದಂತೂ ನಿಜ. ಡ್ರೈವರ್ ಇಳಿದು ಬೈದದ್ದೂ ನಿಜ.

ಅಂಥ ದಿಂಬಿಗೆ ಹದಿಮೂರು ತುಂಬೋ ಹೊತ್ತಿಗೆ ಸೊಂಟ ಹೋಯ್ತು. ಬೆಳಿಗ್ಗೆ ಏಳ್ಬೇಕಾದ್ರೆ ಮುಂದಿನ ಅರ್ಧ ಎದ್ದು ನಿಂತು ಹಿಂದಿನ ಅರ್ಧಕ್ಕೆ ಕಾಯೋದು, ಸ್ಟಾಪಲ್ಲಿ ನಿಂತು ತಡವಾದ ಬಸ್ಸಿಗೆ ಕಾಯೋರ ಹಾಗೆ. ಹಿಂದಿನ ಕಾಲೆರಡೂ ಒಣಗಿ ಕಡ್ಡಿ. ಎದೆ ಮಾತ್ರ ಪೀಪಾಯಿ. ನಡೆದ್ರೆ ಹಿಂದುಗಡೆ ಎರಡೂ ಕಾಲು ಒಟ್ಟಿಗೆ ಎತ್ತಿ ಹಾಕೋದು, ಮೊಲದ ಹಾಗೆ.

ಮನೇಲಿ ಇದ್ದದ್ದು ನಾಲ್ಕೇ ಜನ. ಬೀದಿಗೆ ಅಂಗಡಿ, ಅಂಗಡಿ ಹಿಂದೆ ಮೂರು ಮೆಟ್ಟಲು ಹತ್ತಿದ್ರೆ ಮನೆ. ಹಾಸಿಗೆಯವನ ಹುಬ್ಬು ತುಂಬಾ ಹತ್ತಿ ಧೂಳು. ಕಿವಿ ಮೇಲೆ ಸೀಮೆಸುಣ್ಣ ಇಟ್ಕೊಂಡು ಅಂಗಡಿ ಪೂರ್ತಿ ಸೀಮೆಸುಣ್ಣ ಹುಡುಕೋ ಅಷ್ಟು ಮರೆವು. ಅವನ ತಾಯಿಗೆ ಎರಡೂ ಮಂಡಿ ಸವೆದು ಹೋಗಿತ್ತು, ಬಾಯಿ ಮಾತ್ರ ಹತ್ತು ಜನಕ್ಕೆ ಆಗೋವಷ್ಟು. ಹದಿನೈದು ವರ್ಷದ ಮಗಳನ್ನ ಎಲ್ಲರೂ ಗಿಣಿ ಅಂತ ಕರೆಯೋರು, ಯಾಕೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ನಾಲ್ಕನೆಯವಳು ಸೊಸೆ. ದೊಡ್ಡ ಲಾಂಡ್ರಿ ಒಂದರಲ್ಲಿ ಹನ್ನೊಂದು ವರ್ಷದಿಂದ ಇಸ್ತ್ರಿ ಹಾಕೋಳು. ಆಸ್ಪತ್ರೆ ಚಾದರ, ಹೋಟೆಲ್ ಚಾದರ, ದಿನಕ್ಕೆ ಸಾವಿರ. ಸರಿ, ಮುನ್ನೂರು. ಬಿಸಿ ಹಿಡಿದು ಹಿಡಿದು ಅವಳ ಅಂಗೈ ಸತ್ತೇ ಹೋಗಿತ್ತು. ಕುದಿಯೋ ಚಹಾದ ಪಾತ್ರೆ ಬರಿಗೈಲಿ ಇಳಿಸೋಳು. ಗಿಣಿ "ಅಮ್ಮಾ, ಸುಡಲ್ವಾ?" ಅಂದ್ರೆ, "ಏನು?" ಅನ್ನೋಳು.

ಈ ಸೊಸೆಗೆ ಜೀವನದಲ್ಲಿ ಒಂದೇ ಒಂದು ಆಸೆ ಇದ್ದದ್ದು: ನೆಲ. ಹಳೇ ಸಿಮೆಂಟ್ ನೆಲ ಗುಂಡಿ ಬಿದ್ದು, ಎಷ್ಟು ಗುಡಿಸಿದ್ರೂ ಹತ್ತಿ ಸಿಕ್ಕೊಂಡು, ಕೂತವರ ಬಟ್ಟೆಗೆಲ್ಲ ಬಿಳೀ ಗಡ್ಡ ಬರೋದು. ವರ್ಷಗಟ್ಟಲೆ ಹಟ ಹಿಡಿದು ಕೊನೆಗೆ ಟೈಲ್ಸ್ ಹಾಕಿಸಿದ್ಲು. ಬಿಳೀದು, ಹೊಳೆಯೋದು. ಬಗ್ಗಿ ನೋಡಿದ್ರೆ ಮೂಗಿನ ಕೂದಲೂ ಕಾಣೋದು. ಮೊದಲನೇ ದಿನ ಅವಳು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತಿದ್ಲು, ಒಳಗೆ ಕಾಲಿಡೋಕೆ ಮನಸ್ಸೇ ಬರದೆ.

ಎರಡನೇ ದಿನ ದಿಂಬು ಅಡುಗೆಮನೇಲಿ ಜಾರಿತು. ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ. ಹಾಗೇ ಬಿದ್ದುಕೊಂಡು ಯಾರ ಮುಖಾನೂ ನೋಡ್ದೆ ನೆಲ ನೋಡ್ತಾ ಇತ್ತು.

"ಇದು ನೆಲ ಅಲ್ಲ, ಐಸುಗಡ್ಡೆ" ಅಂದ್ಲು ಅತ್ತೆ. "ಇವತ್ತು ನಾಯಿ ಬಿತ್ತು, ನಾಳೆ ನಾನು. ಅದಕ್ಕೇ ಹಾಕ್ಸಿರೋದು."

ಸೊಸೆ ಆಗ ತಾನೇ ಕೆಲಸದಿಂದ ಬಂದಿದ್ಲು. ಒಂಬತ್ತು ಗಂಟೆ ನಿಂತಿದ್ದ ಕಾಲು. "ಬೀಳೋರು ಯಾವ ನೆಲದ ಮೇಲಾದ್ರೂ ಬೀಳ್ತಾರೆ ಬಿಡಿ" ಅಂದ್ಲು. ಅಲ್ಲಿಗೆ ಬಿಟ್ಟಿದ್ರೆ ಆಗ್ತಿತ್ತು. ಬಿಡಲಿಲ್ಲ. "ಬಿದ್ರೆ ಒರೆಸೋಕೆ ಸುಲಭ."

ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಅತ್ತೆ ಆ ಸಂಜೆನೇ ಅಟ್ಟದ ಮೇಲಿದ್ದ ಸಣ್ಣ ಒಲೆ ಇಳಿಸಿ, ಅಡುಗೆಮನೆಯ ಆಚೆ ಗೋಡೆಗೆ ಹಚ್ಚಿಕೊಂಡ್ಲು. ಈಚೆ ಗೋಡೆಗೆ ಸೊಸೆ ಒಲೆ, ಆಚೆ ಗೋಡೆಗೆ ಅತ್ತೆ ಒಲೆ, ನಡುವೆ ಹೊಳೆಯೋ ನೆಲ. ಒಂದೇ ಮನೇಲಿ ಎರಡು ಕಡೆ ಆಲೂಗಡ್ಡೆ ಬೇಯ್ತಿತ್ತು. ಹಾಸಿಗೆಯವನು ಪಾಪ ಎರಡೂ ಕಡೆ ತಿನ್ನಬೇಕು. ಒಂದು ಕಡೆ ತಿಂದ್ರೆ ಇನ್ನೊಂದು ಕಡೆ ಮುಖ ದಪ್ಪ. ಆರು ವಾರದಲ್ಲಿ ಅವನಿಗೆ ಪ್ಯಾಂಟಿನ ಗುಂಡಿ ಹತ್ತದೇ ಹೋಯ್ತು.

ಅತ್ತೆ ಸೊಸೆ ಮಾತು ಅಲ್ಲಿಗೆ ನಿಂತಿತು. ಅಂದ್ರೆ ನೇರ ಮಾತು. ಒಂದೇ ಸೂರಿನಡಿ ಮಾತಿಲ್ಲದೆ ಬದುಕು ಸಾಗಲ್ವಲ್ಲ? ನೀರು ಬಂತಾ, ಬಾಗಿಲು ಹಾಕಿದೆಯಾ, ಕೇಳ್ಲೇಬೇಕು. ಅದಕ್ಕೆ ಇಬ್ಬರೂ ನಾಯಿ ಹತ್ರ ಮಾತಾಡೋಕೆ ಶುರು ಮಾಡಿದ್ರು.

"ದಿಂಬೂ, ಕೆಲವರು ಸ್ನಾನ ಮಾಡಿ ಬಕೆಟ್ ತುಂಬಿಸಿಡಲ್ಲ ಕಣೇ. ಅವರಪ್ಪನ ಮನೇಲಿ ಬಕೆಟ್ಟೇ ನೋಡಿಲ್ವೋ ಏನೋ" ಅನ್ನೋಳು ಅತ್ತೆ.

"ದಿಂಬೂ, ಇರೋ ನೀರೆಲ್ಲ ಬೆಳಿಗ್ಗೆ ಐದಕ್ಕೇ ಎದ್ದು ಯಾರು ಖಾಲಿ ಮಾಡ್ತಾರೆ ಅಂತ ನಿನಗೆ ಗೊತ್ತಿಲ್ವಾ?" ಅನ್ನೋಳು ಸೊಸೆ.

ದಿಂಬು ಒಂದ್ಸಲ ಈ ಕಡೆ, ಒಂದ್ಸಲ ಆ ಕಡೆ ಕಿವಿ ತಿರುಗಿಸೋದು. ಅಂಚೆಯವನಿಗೆ ಸಂಬಳನಾದ್ರೂ ಕೊಡ್ತಾರೆ.

ಹೀಗೆ ಐದು ತಿಂಗಳು ಹೋಯ್ತು. ಸೊಸೆಗೆ ಇದರಿಂದ ಬೇಜಾರೂ ಆಗ್ತಿರಲಿಲ್ಲ, ಸಿಟ್ಟೂ ಬರ್ತಿರಲಿಲ್ಲ. ಅಂಗೈ ಸತ್ತ ಹಾಗೆ ಒಳಗೂ ಏನೋ ದಪ್ಪ ಕಟ್ಟಿತ್ತು. ಬಂದು, ಬೇಯಿಸಿ, ತಿಂದು, ನೆಲ ಒರೆಸಿ ಮಲಗೋಳು. ನೆಲ ಮಾತ್ರ ಬಿಡ್ತಿರಲಿಲ್ಲ, ದಿನಾ ಒರೆಸೋಳು. ದಿಂಬು ಈಗ ಗೋಡೆ ಹಿಡಿದೇ ಓಡಾಡೋದು, ಬಿಳೀ ನೆಲದ ನಡುವೆ ಬರ್ತಾನೇ ಇರಲಿಲ್ಲ.

ಒಂದು ಬೆಳಿಗ್ಗೆ ಹಿಂದಿನ ಅರ್ಧದ ಬಸ್ಸು ಬರಲೇ ಇಲ್ಲ. ನಾಯಿ ಎದ್ದೇಳೋಕಾಗದೆ ಕೂತಲ್ಲೇ ಉಚ್ಚೆ ಮಾಡಿಕೊಂಡಿತು. ಹಾಸಿಗೆಯವನು ಅದನ್ನ ಹತ್ತಿ ಗಾಡೀಲಿ ಮಲಗಿಸಿ ನಾಯಿ ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋದ. ಸಂಜೆ ಸೊಸೆ ಬಂದ ಮೇಲೆ ಎರಡೂ ಒಲೆಗೆ ಕೇಳೋ ಹಾಗೆ ಅಡುಗೆಮನೆ ಬಾಗಿಲಲ್ಲಿ ನಿಂತು ವರದಿ ಒಪ್ಪಿಸಿದ.

"ಫೋಟೋ ತೆಗೆದ್ರು. ಸೊಂಟದ ಕೀಲಿನ ಗುಳಿ ಸವೆದು ಚಪ್ಪಟೆ ಆಗಿದ್ಯಂತೆ, ಮೂಳೆ ತಲೆ ಅದರಲ್ಲಿ ಕೂರ್ತಿಲ್ವಂತೆ. ಆಪರೇಷನ್‌ಗೆ ವಯಸ್ಸಿಲ್ಲ. ತೂಕ ಇಳಿಸ್ಬೇಕು, ನಾಲ್ಕು ಕೆಜಿ. ಮೆತ್ತಗೆ ಮಲಗಿಸ್ಬೇಕು. ಜಾರೋ ನೆಲ ಆಗಲ್ಲ ಅಂದ್ರು..." ಅಲ್ಲಿ ಒಂದು ಗುಟುಕು ನೀರು ಕುಡಿದ. "ಮತ್ತೆ ಈ ಮಾತ್ರೆ. ದಿನಕ್ಕೆ ಒಂದು, ಹೊಟ್ಟೆಗೆ ಹಾಕಿದ ಮೇಲೆ."

"ಜಾರೋ ನೆಲ ಆಗಲ್ಲ ಅಂದ್ರಂತೆ, ಕೇಳಿದ್ಯಾ ದಿಂಬೂ?" ಅಂದ್ಲು ಅತ್ತೆ.

"ತೂಕ ಇಳಿಸ್ಬೇಕು ಅಂದ್ರಂತೆ ದಿಂಬೂ. ಯಾರು ಕೋಳಿ ಚರ್ಮ ತಿನ್ನಿಸಿ ತಿನ್ನಿಸಿ ನಿನ್ನ ಹಂಡೆ ಮಾಡಿದ್ದು, ಹೇಳು ಅವರಿಗೆ" ಅಂದ್ಲು ಸೊಸೆ.

"ಅಯ್ಯೋ, ಇಬ್ಬರೂ ಸ್ವಲ್ಪ ಕೇಳಿ. ನಾನು ದಿನವಿಡೀ ಅಂಗಡೀಲಿ ಇರ್ತೀನಿ. ಮಾತ್ರೆ ಯಾರು ಕೊಡ್ತೀರಾ?"

ಅತ್ತೆ ಡಬ್ಬಿ ಹಿಡಿದು, ಓದೋಕೆ ಬರದಿದ್ರೂ ನಾಲ್ಕು ದಿಕ್ಕಿಂದ ಓದಿ, ಕೆಳಗಿಟ್ಟಳು. "ಇದು ವಿಷ. ನಾನು ಮುಟ್ಟಲ್ಲ. ಬರೆದಿಟ್ಕೊ, ಈ ಕೈಯಿಂದ ಮುಟ್ಟಲ್ಲ."

"ನಾನೇನು ನಾಯಿ ನರ್ಸಾ?" ಅಂದ್ಲು ಸೊಸೆ. "ನನ್ನ ನೆಲ ಕೆಟ್ಟದ್ದು, ನನ್ನ ಮಾತು ಕೆಟ್ಟದ್ದು, ಮಾತ್ರೆ ಕೊಡೋ ಕೈ ಮಾತ್ರ ಒಳ್ಳೇದಾ? ನಾನೂ ಮುಟ್ಟಲ್ಲ."

"ಆಯ್ತು ಮಾರಾಯರಾ, ನಾನೇ ಕೊಡ್ತೀನಿ" ಅಂದ ಹಾಸಿಗೆಯವನು. ಬೆಳಿಗ್ಗೆ ಆರಕ್ಕೆ ಅಂಗಡಿ ಬಾಗಿಲು ತೆಗೆಯೋ ಮುಂಚೆ ಬ್ರೆಡ್ಡಲ್ಲಿ ಸುತ್ತಿ ಕೊಟ್ಟು ಹೋಗ್ತಿದ್ದ. ಆ ಹೊತ್ತಿಗೆ ಅತ್ತೆ ಬಚ್ಚಲಲ್ಲಿ, ಉಳಿದವರು ನಿದ್ದೇಲಿ, ಯಾರೂ ನೋಡ್ತಿರಲಿಲ್ಲ.

ನಾಲ್ಕನೇ ದಿನ ಸಂಜೆ ಸೊಸೆ ಬಂದಾಗ ಮನೇಲಿ ಯಾರೂ ಇರಲಿಲ್ಲ. ಅತ್ತೆ ಪಕ್ಕದ ಮನೇಲಿ ಯಾರದೋ ಮಾನ ಹರಾಜು ಹಾಕ್ತಾ ಕೂತಿದ್ಲು. ದಿಂಬು ಏಳೋಕೆ ನೋಡಿತು. ಮುಂದಿನ ಅರ್ಧ ಎದ್ದಿತು. ಹಿಂದಿನ ಅರ್ಧ ಜಾರಿತು. ಮತ್ತೆ ಎದ್ದಿತು, ಮತ್ತೆ ಜಾರಿತು. ಬಿಳೀ ನೆಲದ ಮೇಲೆ ಉಗುರು ಕಿರ್ ಕಿರ್ ಅಂತು. ಸೊಸೆ ಬ್ಯಾಗ್ ಹೆಗಲಲ್ಲೇ ಇಟ್ಕೊಂಡು ನೋಡ್ತಾ ನಿಂತ್ಲು. ಅಯ್ಯೋ ಪಾಪ ಅಂತ ಅನ್ನಿಸಿತಾ? ಇಲ್ಲ. ಏನೂ ಅನ್ನಿಸಲಿಲ್ಲ. ಇವನು ಮರೆತಿರ್ತಾನೆ, ಸೀಮೆಸುಣ್ಣ ಮರೆಯೋನು ಮಾತ್ರೆ ಮರೆಯಲ್ವಾ ಅಂದ್ಕೊಂಡ್ಲು ಅಷ್ಟೆ. ಡಬ್ಬಿ ತೆಗೆದು, ಒಂದು ಮಾತ್ರೆ ಬೇಯಿಸಿದ ಮೊಟ್ಟೆಯೊಳಗೆ ಹುದುಗಿಸಿ ಕೊಟ್ಲು. ಚಾದರ ಮಡಚೋ ಹಾಗೇ ಮಾಡಿದ್ಲು, ಕೈಗೆ ಕೆಲಸ ಗೊತ್ತು, ಮನಸ್ಸು ಬೇಕಾಗಿಲ್ಲ. ಆಮೇಲೆ ಬಾಯಿ ಒರೆಸಿಕೊಂಡ್ಲು, ತಿಂದದ್ದು ತಾನೇ ಅನ್ನೋ ಹಾಗೆ.

ಕೇಳ್ಬಹುದಿತ್ತು ಗಂಡನನ್ನ, ಕೊಟ್ಯಾ ಅಂತ. ಆದ್ರೆ ಮುಟ್ಟಲ್ಲ ಅಂದವಳು ಕೇಳೋದು ಹೇಗೆ? ಮಾರನೇ ದಿನ ಮತ್ತೆ ಕೊಟ್ಲು. ಆಮೇಲೆ ದಿನಾ.

ಒಂದು ವಾರದಲ್ಲಿ ದಿಂಬು ಮೂರು ಮೆಟ್ಟಲು ತಾನೇ ಇಳಿಯಿತು! ಮತ್ತೊಂದು ವಾರಕ್ಕೆ ಬೀದೀಲಿ ಒಂದು ಬೆಕ್ಕನ್ನ ಅಟ್ಟಿಸಿಕೊಂಡು ಎರಡು ಊರು ದಾಟಿತು. ಹೋಗ್ಲಿ, ಎರಡು ಮನೆ. ಹಾಸಿಗೆಯವನು ಎದೆ ಉಬ್ಬಿಸಿ ನಿಂತ. ಅತ್ತೆ ಕಿಟಕೀಲಿ ನಿಂತು ತನ್ನಷ್ಟಕ್ಕೆ ತಾನೇ ನಕ್ಕಳು. ಸೊಸೆನೂ ನೋಡಿದ್ಲು. ನನ್ನ ಕೈ ಗುಣ ಅಂತ ಒಂದು ಗಳಿಗೆ ಅನ್ನಿಸಿತು, ಮತ್ತೆ ಹೋಯ್ತು. ಅತ್ತೆ ಯಾಕೆ ನಕ್ಕಳು ಅಂತ ಯೋಚಿಸಲಿಲ್ಲ.

ಅಷ್ಟರಲ್ಲಿ ಡಬ್ಬಿ ಖಾಲಿ. ಹಾಸಿಗೆಯವನು ಔಷಧಿ ಅಂಗಡಿಗೆ ಹೋಗಿ ಕೌಂಟರ್ ಕುಟ್ಟಿ ಕೂಗಾಡಿದ: "ಮೂವತ್ತು ಅಂತ ಬರ್ದಿದೀಯ, ಹದಿನೇಳು ದಿನಕ್ಕೆ ಮುಗೀತು! ನಾಯಿಗೆ ಎಣಿಸೋಕೆ ಬರಲ್ಲ ಅಂತ ಮೋಸ ಮಾಡ್ತೀಯಾ?" ಔಷಧಿ ಅಂಗಡಿಯವನು ಎದುರಿಗೆ ಹತ್ತು ಜನ ಗಿರಾಕಿ ಇದ್ದಿದ್ರಿಂದ, ಬಾಯಿ ಮುಚ್ಚಿಸೋಕೆ ಇನ್ನೊಂದು ಡಬ್ಬಿ ಸುಮ್ಮನೆ ಕೊಟ್ಟು ಕಳಿಸಿದ. ಹಾಸಿಗೆಯವನು ಮನೇಲಿ ಈ ಗೆಲುವನ್ನ ಮೂರು ಸಲ ಹೇಳಿದ. ಸೊಸೆ ಆಲೂಗಡ್ಡೆ ಸಿಪ್ಪೆ ತೆಗೀತಾ ಇದ್ಲು. ಹದಿನೇಳಕ್ಕೆ ಯಾಕೆ ಮುಗೀತು ಅಂತ ಅವಳಿಗೆ ಆಗ ಗೊತ್ತಾಯ್ತು. ಇವನು ಮರೆತಿಲ್ಲ. ದಿನಾ ಕೊಟ್ಟಿದಾನೆ.

ಈಗ ಹೇಳ್ಬೇಕಿತ್ತು. ಸಿಪ್ಪೆ ಉದ್ದಕ್ಕೆ ಬಂತು, ಕತ್ತರಿಸದೆ ಪೂರ್ತಿ ಸುತ್ತು ತೆಗೆದ್ಲು. ನಾಳೆಯಿಂದ ನಾನು ಕೊಡಲ್ಲ, ಅಲ್ಲಿಗೆ ಸರಿಹೋಯ್ತು ಅಂದ್ಕೊಂಡ್ಲು. ಕೊಡಲೂ ಇಲ್ಲ.

ಮೂರು ದಿನ ಆಯ್ತು. ದಿಂಬು ತಿನ್ನೋದು ಬಿಟ್ಟಿತು. ಅದು ತಿನ್ನೋದು ಬಿಡೋದು ಅಂದ್ರೆ ಕಡಲು ಬತ್ತಿದ ಹಾಗೆ. ನಾಲ್ಕನೇ ಬೆಳಿಗ್ಗೆ ಬಿಳೀ ನೆಲದ ಮೇಲೆ ಕಪ್ಪಗೆ ಡಾಂಬರಿನ ಹಾಗೆ ಭೇದಿ ಮಾಡಿಕೊಂಡು, ಅದರ ಪಕ್ಕದಲ್ಲೇ ಕಣ್ಣು ತೆರೆದು ಮಲಗಿತ್ತು. ಮೊದಲು ನೋಡಿದ್ದು ಸೊಸೆ. ಬಟ್ಟೆ ತಂದ್ಲು, ಒರೆಸಿದ್ಲು. ಬಿದ್ರೆ ಒರೆಸೋಕೆ ಸುಲಭ ಅಂದಿದ್ದೆ, ಹೌದು, ಸುಲಭವಾಗೇ ಇದೆ ಅಂದ್ಕೊಂಡ್ಲು. ಆಮೇಲೆ ಗಂಡನನ್ನ ಕೂಗಿದ್ಲು.

ಈ ಸಲ ಕೆಲಸ, ಸ್ಕೂಲಿಗೆ ಮುಂಚೆ ನಾಲ್ಕು ಜನಾನೂ ಹೋದ್ರು. ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ತೋಳು ಮಾತ್ರ ಹಾಲಿನ ಕ್ಯಾನ್ ಎತ್ತೋರ ಹಾಗೆ. ನಾಯಿ ವಸಡು ಒತ್ತಿ ನೋಡಿದ್ಲು, ಹೊಟ್ಟೆ ಒತ್ತಿ ನೋಡಿದ್ಲು.

"ಎಷ್ಟು ಮಾತ್ರೆ ಕೊಡ್ತಿದ್ರಿ?"

"ದಿನಕ್ಕೆ ಒಂದೇ. ನೀವು ಹೇಳಿದ ಹಾಗೆ" ಅಂದ ಹಾಸಿಗೆಯವನು.

"ಒಂದಕ್ಕೆ ಹೀಗಾಗಲ್ಲ. ಹೊಟ್ಟೆ ಒಳಗೆ ಹುಣ್ಣಾಗಿ ರಕ್ತ ಹೋಗ್ತಾ ಇದೆ. ಬೇರೆ ಏನಾದ್ರೂ ಕೊಟ್ರಾ?"

ನಾಲ್ಕು ಜನ ನಾಲ್ಕು ಗೋಡೆ ನೋಡಿದ್ರು. ಗಿಣಿ ಬಾಯೂ ಮುಚ್ಚಿತ್ತು, ಅಂದ್ರೆ ಲೆಕ್ಕ ಹಾಕಿ.

ಡಾಕ್ಟರಮ್ಮ ಎಲ್ಲರ ಮುಖ ನೋಡಿದ್ಲು. ಮನೆಗಳನ್ನ ತುಂಬಾ ನೋಡಿದವಳು ಅಂತ ಕಾಣತ್ತೆ. "ಒಬ್ಬೊಬ್ಬರೇ ಒಳಗೆ ಬನ್ನಿ. ನಿಮ್ಮ ನಿಮ್ಮದು ನನ್ನ ಕಿವೀಲಿ ಹೇಳಿ ಹೋಗಿ. ನನಗೆ ಜಗಳ ಬೇಡ, ಲೆಕ್ಕ ಬೇಕು."

ಗಿಣಿ ಹೋಗಿ ಬಂತು. ಹಾಸಿಗೆಯವನು ಹೋಗಿ ಬಂದ. ಸೊಸೆ ಎದ್ದು ಒಳಗೆ ಹೋಗಿ ನಿಂತ್ಲು. ಗೋಡೆ ಮೇಲೆ ನಾಯಿ ಅಸ್ಥಿಯ ಚಿತ್ರ ಇತ್ತು, ಸೊಂಟದ ಹತ್ರ ಕೆಂಪು ಗೆರೆ.

"ಸಂಜೆ ಒಂದು ನಾನು ಕೊಟ್ಟೆ. ಹದಿಮೂರು ಹದಿನಾಲ್ಕು ದಿನ. ಆಮೇಲೆ ನಿಲ್ಲಿಸಿದೆ."

"ನಿಲ್ಲಿಸಿದಾಗ ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ."

"ಯಾಕೆ?"

ಸೊಸೆ ಆ ಕೆಂಪು ಗೆರೆ ನೋಡಿದ್ಲು. "ನಮ್ಮ ಮನೇಲಿ ಹೇಳೋದು ನಾಯಿಗೆ ಮಾತ್ರ" ಅಂದ್ಲು.

ಡಾಕ್ಟರಮ್ಮ ಪೆನ್ನು ಎತ್ತಿ ಬರ್ಕೊಂಡ್ಲು.

ಸೊಸೆ ಈಚೆ ಬಂದು ಕೂತ್ಲು. ಇನ್ನು ಮುಗೀತು ಅಂದ್ಕೊಂಡ್ರೆ, ಬೆಂಚಿನ ಆ ತುದೀಲಿ ಗೋಡೆ ಹಿಡಿದು, ಮಂಡಿ ಲಟಕ್ ಅನ್ನಿಸಿ, ಅತ್ತೆ ಎದ್ದಳು. ಈ ಕೈಯಿಂದ ಮುಟ್ಟಲ್ಲ ಅಂದಿದ್ದ ಅತ್ತೆ. ಸೆರಗಿನ ಗಂಟಲ್ಲಿ ಏನೋ ಹಿಡ್ಕೊಂಡಿದ್ಲು. ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ಲು. ತುಂಬಾ ಹೊತ್ತು ಬರಲಿಲ್ಲ.

ಆ ಡಬ್ಬಿ ಮಾತ್ರೆ ವಿಷ ಅಂತ ತಾನೇ ಅಂದಿದ್ದು? ಅದನ್ನ ಮುಟ್ಟೇ ಇರಲಿಲ್ಲ. ತನ್ನ ಮಂಡಿಗೆ ತಗೊಳ್ಳೋ ಮಾತ್ರೆ ಅರ್ಧ ಮುರಿದು, ಮಧ್ಯಾಹ್ನ ಮಧ್ಯಾಹ್ನ, ಕೋಳಿ ಚರ್ಮದಲ್ಲಿ ಸುತ್ತಿ ದಿಂಬಿಗೆ ಹಾಕ್ತಿದ್ಲು ಅತ್ತೆ. ನನಗೆ ಒಪ್ಪಿದ್ದು ಅದಕ್ಕೂ ಒಪ್ಪುತ್ತೆ ಅಂತ. ಮನುಷ್ಯರ ಮಾತ್ರೆ ನಾಯಿಗೆ ಕೊಡಬಾರದು ಅಂತ ಅವಳಿಗೆ ಯಾರು ಹೇಳ್ಬೇಕಿತ್ತು, ದಿಂಬೇ?

ಡಾಕ್ಟರಮ್ಮ ಈಚೆ ಬಂದ್ಲು. "ಮಾತ್ರೆ ಕೊಟ್ಟಿದ್ದು ಮೂರು ಕೈ. ಬಿಸ್ಕತ್ತು ಬೇರೆ ಒಂದು ಕೈ." ಗಿಣಿ ತಲೆ ತಗ್ಗಿಸಿತು. "ನಾಯಿಗೆ ಹೊಟ್ಟೆ ಇರೋದು ಒಂದೇ. ಇಲ್ಲೇ ಇರ್ಲಿ, ಡ್ರಿಪ್ ಹಾಕ್ತೀನಿ. ಐದು ದಿನ ಆಗ್ಲಿ, ನೋಡೋಣ. ಮಾತು ಕೊಡಲ್ಲ."

ಐದು ದಿನ ಆ ಮನೇಲಿ ಏನು ಸದ್ದು ಅಂತೀರಿ! ಗೋಡೆ ಗಡಿಯಾರದ ಮುಳ್ಳು ನಡೆಯೋದು ಬೀದಿ ಕೊನೆವರೆಗೂ ಕೇಳಿಸ್ತಿತ್ತು. ಜಗಳ ಆಡೋಕೂ ದಾರಿ ಇಲ್ಲ. ನೀನು ಕೊಂದೆ ಅಂತ ಬೈಯೋಕೂ ಆಗಲ್ಲ, ಇಬ್ಬರ ಕೈಯೂ ಅದೇ ಬಟ್ಟಲಲ್ಲಿ ಅದ್ದಿತ್ತು. ಎರಡನೇ ದಿನ ಅತ್ತೆ ಅಭ್ಯಾಸಕ್ಕೆ, "ದಿಂಬೂ, ಯಾರೋ ಸೋಪು ನೀರಲ್ಲೇ..." ಅಂತ ಶುರು ಮಾಡಿ, ಖಾಲಿ ಮೂಲೆ ನೋಡಿ, ಅರ್ಧಕ್ಕೆ ನಿಲ್ಲಿಸಿದ್ಲು. ಆ ಸೋಪು ಸಂಜೆವರೆಗೂ ನೀರಲ್ಲೇ ಕರಗ್ತಾ ಇತ್ತು.

ಮೂರನೇ ದಿನ ಸೊಸೆ ಚಹಾ ಮಾಡ್ತಿದ್ದಾಗ ಅತ್ತೆ ಒಲೆ ಮೇಲೆ ಹಾಲು ಉಕ್ಕೋಕೆ ಬಂತು. ಅತ್ತೆ ಹಿತ್ತಲಲ್ಲಿ ಬಟ್ಟೆ ಹರವ್ತಾ ಇದ್ಲು, ಒಂದು ಕೂಗು ಕೂಗಿದ್ರೆ ಕೇಳಿಸೋ ದೂರ. ಸೊಸೆ ನೋಡಿದ್ಲು. ಹಾಲು ಅಂಚಿಗೆ ಬಂತು. ಕೂಗೋಕೆ ಯಾವ ಹೆಸರು ಹಿಡಿಯೋದು? ಹಾಲು ಉಕ್ಕಿ, ಒಲೆ ಆರಿಸಿ, ಗೋಡೆ ಇಳಿದು, ಬಿಳೀ ನೆಲದ ಮೇಲೆ ಹರೀತು. ಬಿಳಿಯ ಮೇಲೆ ಬಿಳಿ, ಕಾಣಿಸಲೂ ಇಲ್ಲ. ಆಗ ಹೋಗಿ ಅತ್ತೆ ಒಲೆಯ ಗ್ಯಾಸ್ ತಿರುಗಿಸಿ, ತನ್ನ ಚಹಾ ಲೋಟ ಹಿಡ್ಕೊಂಡು ಕೆಲಸಕ್ಕೆ ಹೊರಟಳು. ಲಾಂಡ್ರೀಲಿ ಅವತ್ತು ಮುನ್ನೂರು ಚಾದರ ಮಡಚಿದ್ಲು, ಒಂದರ ಅಂಚೂ ವಾರೆ ಆಗಲಿಲ್ಲ.

ಐದನೇ ದಿನ ಡಾಕ್ಟರಮ್ಮ ಹೇಳಿಕಳಿಸಿದ್ಲು. ಸಂಜೆ ಹಾಸಿಗೆಯವನೂ ಸೊಸೆನೂ ಹೋದ್ರು. ದಿಂಬು ಬದುಕಿತ್ತು. ಬೋಳಿಸಿದ ಮುಂಗಾಲು, ಕುತ್ತಿಗೆ ಸುತ್ತ ಚರ್ಮ ಜೋತುಬಿದ್ದಿತ್ತು.

"ನಾಲ್ಕು ಕೆಜಿ ಇಳಿಸಿ ಅಂದಿದ್ದೆ, ಐದು ಇಳಿಸಿದೀರ" ಅಂದ್ಲು ಡಾಕ್ಟರಮ್ಮ. "ಈಗ ಕೇಳಿ. ಆ ಮಾತ್ರೆ ಇನ್ನು ಈ ಜನ್ಮಕ್ಕೆ ಇಲ್ಲ, ಹೊಟ್ಟೆ ತಡೆಯಲ್ಲ. ತಿಂಗಳಿಗೊಂದು ಇಂಜೆಕ್ಷನ್ ಕೊಡ್ತೀನಿ, ಅದು ಅರ್ಧ ಕೆಲಸ. ಇನ್ನರ್ಧ ನೀವು ಮಾಡ್ಬೇಕು. ದಪ್ಪ ಹಾಸಿಗೆ. ದಿನಕ್ಕೆ ಎರಡು ಸಲ ಸೊಂಟಕ್ಕೆ ಬಿಸಿ ಬಟ್ಟೆ ಶಾಖ, ಹತ್ತು ಹತ್ತು ನಿಮಿಷ. ಬಟ್ಟೆ ಬೆಚ್ಚಗಿರ್ಬೇಕು, ಸುಡಬಾರದು, ಅಲ್ಲಿ ಚರ್ಮ ಕಾಗದದಷ್ಟು ತೆಳ್ಳಗಿದೆ. ಕೈಲಿ ನೋಡ್ಕೊಂಡೇ ಇಡಿ. ಮತ್ತೆ ನೆಲ. ಇಷ್ಟು ದಿನ ಮಾತ್ರೆ ಮಾಡ್ತಿದ್ದ ಕೆಲಸ ಇನ್ನು ನೆಲ ಮಾಡ್ಬೇಕು. ಇನ್ನೊಂದ್ಸಲ ಜಾರಿ ಬಿದ್ರೆ ಏಳಲ್ಲ. ಆಮೇಲೆ ನನ್ನ ಹತ್ರ ಬರೋದು ಸೂಜಿ ಹಾಕಿಸಿ ಶಾಶ್ವತವಾಗಿ ಮಲಗಿಸೋಕೆ ಅಷ್ಟೆ."

"ನಾಡಿದ್ದು ಕರ್ಕೊಂಡು ಹೋಗ್ತೀವಿ" ಅಂದ್ಲು ಸೊಸೆ.

"ಇವತ್ತೇ ಕರ್ಕೊಂಡು ಹೋಗ್ಬಹುದು."

"ಬೇಡ. ನಾಡಿದ್ದು."

ಮಾರನೇ ದಿನ ಅವಳು ಹನ್ನೊಂದು ವರ್ಷದಲ್ಲಿ ಮೊದಲನೇ ಸಲ ಕೆಲಸಕ್ಕೆ ರಜೆ ಹಾಕಿದ್ಲು. ಅಂಗಡೀಲಿ ಹಾಸಿಗೆಗೆ ಹೊದಿಸೋ ಪಟ್ಟೆ ಪಟ್ಟೆ ದಪ್ಪ ಬಟ್ಟೆ ಇರುತ್ತಲ್ಲ, ಅದರ ಒಂದು ಸುರುಳಿ ಹೊತ್ಕೊಂಡು ಬಂದ್ಲು. ಜೊತೆಗೆ ತೆಳುವಾದ ರಬ್ಬರ್ ಹಾಳೆ, ಗೋಂದಿನ ಡಬ್ಬ.

ಹಾಸಿಗೆಯವನು ಹಿಂದೇನೇ ಓಡಿ ಬಂದ. "ಗೋಂದು ಯಾಕೆ? ಸುಮ್ಮನೆ ಹಾಸು."

"ಸುಮ್ಮನೆ ಹಾಸಿದ್ರೆ ಬಟ್ಟೆ ಜಾರುತ್ತೆ. ಬಟ್ಟೆ ಜಾರಿದ್ರೆ ನಾಯಿ ಜಾರುತ್ತೆ."

"ಅದು ಅಂಗಡಿ ಗೋಂದು ಕಣೇ. ಒಂದ್ಸಲ ಹಿಡಿದ್ರೆ ಟೈಲ್ಸ್ ಕಿತ್ತು ಬರುತ್ತೆ ಹೊರತು ಅದು ಬರಲ್ಲ. ನೆಲ ಮತ್ತೆ ಹೀಗಾಗಲ್ಲ."

"ಗೊತ್ತು."

"ನೀನು ವರ್ಷಗಟ್ಟಲೆ..."

"ಗೊತ್ತು ಅಂದ್ನಲ್ಲ. ಕತ್ತರಿ ಕೊಡು."

ಮಂಡಿ ಊರಿ, ರಬ್ಬರ್ ಅಂಟಿಸಿ, ಅದರ ಮೇಲೆ ಬಟ್ಟೆ ಅಂಟಿಸಿ, ಅಂಗೈಲಿ ಉಜ್ಜಿ ಉಜ್ಜಿ ಕೂರಿಸ್ತಾ ಬಂದ್ಲು. ಮೆಟ್ಟಲ ಬಾಗಿಲಿಂದ ಹೊರಟು, ಹಜಾರ ದಾಟಿ, ಅಡುಗೆಮನೆ ಹೊಸ್ತಿಲವರೆಗೆ ನೀಲಿ ಬಿಳಿ ಪಟ್ಟೆಯ ರಸ್ತೆ. ಅತ್ತೆ ತನ್ನ ಮಂಚದ ಮೇಲೆ ಕೂತು ಎಲ್ಲಾ ನೋಡ್ತಾ ಇದ್ಲು. ಏನೂ ಅನ್ನಲಿಲ್ಲ. ಹೇಳೋಕೆ ನಾಯಿ ಇರಲಿಲ್ಲವಲ್ಲ.

ಅಡುಗೆಮನೆ ನಡುವಿಗೆ ಬರೋ ಹೊತ್ತಿಗೆ ಸುರುಳಿ ಮುಗಿಯೋಕೆ ಬಂತು. ಎರಡು ಮಾರು ಉಳಿದಿತ್ತು. ಈಚೆ ಗೋಡೆಗೆ ತನ್ನ ಒಲೆ, ಆಚೆ ಗೋಡೆಗೆ ಅತ್ತೆ ಒಲೆ. ಒಂದಕ್ಕೆ ಸಾಕು, ಎರಡಕ್ಕೆ ಸಾಲದು. ಸೊಸೆ ಕತ್ತರಿ ಹಿಡ್ಕೊಂಡು ಎರಡೂ ಕಡೆ ಅಳತೆ ನೋಡಿದ್ಲು. ದೊಡ್ಡ ತ್ಯಾಗ ಗೀಗ ಅಂತ ಬಣ್ಣ ಹಚ್ಚಬೇಡಿ. ತಾನು ಒಂಬತ್ತು ಗಂಟೆ ಮನೇಲಿರಲ್ಲ, ನಾಯಿ ಹಗಲೆಲ್ಲ ಆ ಒಲೆ ಹತ್ರಾನೇ ಇರುತ್ತೆ, ಲೆಕ್ಕ ಅಷ್ಟೆ. ಆಚೆ ಗೋಡೆ ಕಡೆಗೆ ಬಟ್ಟೆ ತಿರುಗಿಸಿ ಅಂಟಿಸಿದ್ಲು. ತನ್ನ ಒಲೆ ಮುಂದೆ ಬರೀ ನೆಲ ಉಳೀತು, ಹೊಳೀತಾ.

ಹಾಸಿಗೆಯವನೂ ಸುಮ್ಮನೆ ಕೂರಲಿಲ್ಲ. ಊರಿಗೆಲ್ಲ ಮೆತ್ತನೆ ಹಾಸಿಗೆ ಹೊಲಿದವನು, ಹದಿಮೂರು ವರ್ಷ ತನ್ನ ನಾಯೀನ ಗೋಣಿ ಮೇಲೆ ಮಲಗಿಸಿದ್ದ. ಈಗ ನಾಲ್ಕು ಬೆರಳು ದಪ್ಪದ ಫೋಮ್ ಮೇಲೆ ಒಂದು ಗೇಣು ಹತ್ತಿ ಹಾಕಿ, ಅಂಚು ಕಟ್ಟಿ, ಅರಸರಿಗೆ ಮಾಡೋ ಹಾಗೆ ಮಾಡಿದ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಪಾಪ ಈ ನಾಯಿಗೆ ಹಾಸಿಗೆ ಬರೋ ಹೊತ್ತಿಗೆ ಚಾಚೋಕೆ ಕಾಲೇ ಇರಲಿಲ್ಲ.

ಅದರ ಮಾರನೇ ಸಂಜೆ ದಿಂಬು ಬಂತು. ಬಾಗಿಲಲ್ಲಿ ನಿಂತು ಪಟ್ಟೆ ಬಟ್ಟೆ ಮೂಸಿತು. ಮುಂಗಾಲು ಇಟ್ಟಿತು. ಹಿಂಗಾಲು ಇಟ್ಟಿತು. ಜಾರಲಿಲ್ಲ. ಗೋಡೆ ಹಿಡಿಯದೆ, ಮನೆ ನಡುವೆ, ಮೊಲದ ಹೆಜ್ಜೆ ಹಾಕ್ಕೊಂಡು ನಡೀತು. ಆರು ತಿಂಗಳಲ್ಲಿ ಮೊದಲನೇ ಸಲ. ಗಿಣಿ ಅತ್ತಿತು, ಅದಕ್ಕೆ ಅಳು ಸಲೀಸು. ದೊಡ್ಡವರು ಮೂರು ಜನ ನಿಂತು ನೋಡಿದ್ರು. ಅತ್ತೆ "ದಿಂಬೂ" ಅಂತ ಏನೋ ಹೇಳೋಕೆ ಹೋಗಿ, ಬಾಯಿ ಮುಚ್ಚಿಕೊಂಡು, ಬಟ್ಟಲಿಗೆ ನೀರು ಹಾಕಿದ್ಲು. ಮುಂದೆ ಹೇಳೋ ಮಾತು ನಾಯಿಗೆ ಹೇಳೋದಾಗಿರಲಿಲ್ಲವೋ ಏನೋ.

ಮರುದಿನ ಬೆಳಿಗ್ಗೆ. ಗಂಡ ಅಂಗಡಿಗೆ ಇಳಿದ, ಗಿಣಿ ಸ್ಕೂಲಿಗೆ ಹಾರಿತು. ಸೊಸೆಗೆ ಕೆಲಸಕ್ಕೆ ಹೊರಡೋಕೆ ಇನ್ನರ್ಧ ಗಂಟೆ. ಹಳೇ ಚಾದರ ಒಂದನ್ನ ನಾಲ್ಕು ಮಡಿಕೆ ಮಡಚಿ, ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಒತ್ತಿ ಕಾಯಿಸಿದ್ಲು. ಎರಡು ಕೈಲಿ ಹಿಡ್ಕೊಂಡು ಅಡುಗೆಮನೆಗೆ ಬಂದ್ಲು. ದಿಂಬು ಅತ್ತೆ ಒಲೆ ಪಕ್ಕ, ಹೊಸ ಹಾಸಿಗೆ ಮೇಲೆ, ಕಿವಿ ಮಡಚಿ ಗೊರಕೆ ಹೊಡೀತಿತ್ತು. ಕೂದಲು ಉದುರಿದ ಸೊಂಟ, ಚರ್ಮ ತೆಳ್ಳಗೆ, ಗುಲಾಬಿ ಬಣ್ಣ.

ಬಗ್ಗಿ ಬಟ್ಟೆ ಇಡ್ಬೇಕು, ಅಷ್ಟರಲ್ಲಿ ಡಾಕ್ಟರಮ್ಮನ ಮಾತು ನೆನಪಾಯ್ತು. ಕೈಲಿ ನೋಡ್ಕೊಂಡೇ ಇಡಿ.

ಸೊಸೆ ಅಂಗೈ ಒತ್ತಿ ನೋಡಿದ್ಲು. ಏನೂ ಗೊತ್ತಾಗಲಿಲ್ಲ. ಇನ್ನೊಂದು ಕೈ ಒತ್ತಿದ್ಲು. ಊಹೂಂ. ಬೆಚ್ಚಗಿದೆಯೋ, ಚರ್ಮ ಸುಲಿಯೋಷ್ಟು ಬಿಸಿ ಇದೆಯೋ, ಆ ಕೈಗೆ ಎಲ್ಲಾ ಒಂದೇ. ಒಂದು ಸಲ ಹೇಳದೆ ಕೇಳದೆ ಕೊಟ್ಟು ಆಗಿದೆ. ಇನ್ನೊಂದ್ಸಲ ಅದೇ ಕೈಯನ್ನ ಹೇಗೆ ನಂಬೋದು?

ಅತ್ತೆ ಒಲೆ ಮುಂದೆ ಬೆನ್ನು ಹಾಕಿ ನಿಂತಿದ್ಲು. ಪಾತ್ರೆ ಕೈಯಾಡಿಸೋದು ನಿಲ್ಲಿಸಿದ್ಲು, ಆದ್ರೆ ತಿರುಗಲಿಲ್ಲ. ಮನೇಲಿ ಬಿಸಿ ಗೊತ್ತಾಗೋ ಕೈ ಅಂತ ಇದ್ದದ್ದು ಈಗ ಅದೊಂದೇ.

ಸೊಸೆ ಬಟ್ಟೆ ಹಿಡ್ಕೊಂಡು ನಿಂತ್ಲು, ಒಂದು ಕಾಲು ಪಟ್ಟೆ ಮೇಲೆ, ಒಂದು ಕಾಲು ಬರೀ ನೆಲದ ಮೇಲೆ. ಕೇಳ್ಲೇಬೇಕು. ಬಾಯಿ ತೆರೆದ್ಲು.

ಈಗ ನೀವು ಹೇಳಿ. ಆ ಬಾಯಿಂದ 'ದಿಂಬೂ' ಅಂತ ಬಂತಾ, 'ಅತ್ತೆ' ಅಂತ ಬಂತಾ? ನಾನು ಹೇಳಿದ್ರೆ ಇದೂ ಅರ್ಧ ಸುಳ್ಳು ಅಂತೀರಿ, ಅದಕ್ಕೇ ನಿಮಗೇ ಬಿಟ್ಟಿದೀನಿ. ಬೇಗ ಹೇಳಿ. ಬಟ್ಟೆ ಆರ್ತಾ ಇದೆ.